ಅದೇ ಹಳೇ ಗೋಳು

ವಾರ್ಸಾ, 21 ಸೆಪ್ಟೆಂಬರ್ 1998

ವಿತೋಲ್ದ್ ಅವರಿಗೆ,

ಸಿನಿಮಾ ಯಾವುದರ ಬಗ್ಗೆ ಎಂಬುದನ್ನು ಬರೆಯದೆ ಬಿಡುವವಳಿದ್ದೆ. ಈ ಪತ್ರವನ್ನು ಎರಡು ಸಲ ಬರೆದೆ, ಎರಡರಲ್ಲೂ ಆ ಸಾಲು ಇರಲಿಲ್ಲ. ಜೊತೆಗಿರುವ ಕ್ಯಾಸೆಟ್ ಹಾಕಿ ನೋಡಿದ ಹತ್ತೇ ನಿಮಿಷಕ್ಕೆ ನಿಮಗೆ ಗೊತ್ತಾಗುತ್ತದೆ, ಆಗ ನನ್ನ ಮೇಲೆ ಸಿಟ್ಟು ಬರುತ್ತದೆ. ಹಾಗಾಗಿ ಮೊದಲೇ ಹೇಳುತ್ತೇನೆ: ಇದು ಮನಸ್ಸಿನ ಕಾಯಿಲೆಯ ಸಿನಿಮಾ. ನಗು ಬರುತ್ತದೆ, ಪ್ರೇಮವೂ ಇದೆ. ಒಬ್ಬ ಬಸ್ ಚಾಲಕ ಆಸ್ಪತ್ರೆಯಿಂದ ಹೊರಗೆ ಬರುತ್ತಾನೆ. ಮತ್ತೆ ಬಸ್ ಓಡಿಸಬೇಕಾದರೆ ಮೊದಲಿನಿಂದ ಪರೀಕ್ಷೆ ಕೊಡಬೇಕು. ಅವನಿಗೆ ಕಾರು ಕಲಿಸುವವಳು ಒಬ್ಬ ಹೆಂಗಸು. ಅವಳ ಸ್ಥಿತಿಯೂ ಅವನಿಗಿಂತ ಬಹಳ ಮೇಲೇನಲ್ಲ.

ಸ್ಟುಡಿಯೊದ ಯಜಮಾನಿ ತಾವಾಗಿಯೇ ನಿಮ್ಮ ಹೆಸರು ಎತ್ತಿದರು. "ಎರಡು ವರ್ಷ ಆಯ್ತು. ಆ ಮನುಷ್ಯ ಬದುಕಿದಾನೋ ಇಲ್ವೋ? ಬದುಕಿದ್ರೆ ಕರ್ಸಿ. ಈಗ ಓದ್ತಿರೋ ಹುಡುಗರ ದನಿ ಕೇಳಿದ್ರೆ ಔಷಧಿ ಅಂಗಡಿ ಜಾಹೀರಾತು ಕೇಳಿದ ಹಾಗಾಗತ್ತೆ" ಎಂದರು. ರೆಕಾರ್ಡಿಂಗ್ ಡಿಸೆಂಬರ್ ಎಂಟಕ್ಕೆ. ನವೆಂಬರ್ ಮುಗಿಯುವುದರೊಳಗೆ ನೀವು ಒಪ್ಪಿಗೆ ತಿಳಿಸಬೇಕು. ಧ್ವನಿಮುದ್ರಣಕ್ಕೆ ಝೆನೆಕ್ ಕೂರುತ್ತಾನೆ.

ಹನ್ನೊಂದು ವರ್ಷ ನಾನು ಹೊರದೇಶದ ಸಿನಿಮಾಗಳನ್ನು ನಮ್ಮ ಭಾಷೆಗೆ ಬರೆದುಕೊಟ್ಟಿದ್ದನ್ನು ನೀವು ಓದಿದ್ದೀರಿ. ಗಂಡಿನ ಮಾತು, ಹೆಣ್ಣಿನ ಮಾತು, ಮಗುವಿನ ಅಳು, ಕೊಲೆಗಾರನ ಬೆದರಿಕೆ, ಎಲ್ಲವನ್ನೂ ಒಂದೇ ದನಿಯಲ್ಲಿ, ಏರಿಳಿತವಿಲ್ಲದೆ. ಕೆಳಗೆ ನಟರು ತಮ್ಮ ಭಾಷೆಯಲ್ಲಿ ಕಿರುಚುತ್ತಿದ್ದರೆ ಮೇಲೆ ನೀವು ಪಂಚಾಂಗ ಓದಿದಂತೆ ಓದುತ್ತಿದ್ದಿರಿ. ದೇಶದ ಎಲ್ಲ ಮನೆಗಳಲ್ಲೂ ಜನ ಆ ದನಿ ಕೇಳಿಕೊಂಡೇ ಅತ್ತರು, ನಕ್ಕರು.

ಮೊದಲ ಹತ್ತು ಪುಟಗಳ ಕರಡು ಜೊತೆಯಲ್ಲಿದೆ. ಹೇಗಿದ್ದೀರಿ?

ಬೋಗ್ನಾ


ಸಾನೊಕ್, 29 ಸೆಪ್ಟೆಂಬರ್ 1998

ಬೋಗ್ನಾ ಅವರಿಗೆ,

ಹೇಗಿದ್ದೀರಿ ಎಂದು ಕೇಳಿದ್ದೀರಿ. ಏನಿದೆ, ಅದೇ ಹಳೇ ಗೋಳು.

ನನಗೆ ಈಗ ಕೆಲಸವಿದೆ. ಗೊತ್ತಿಲ್ಲವೇನೋ ನಿಮಗೆ, ನಾನಿಲ್ಲಿ ರೈಲು ನಿಲ್ದಾಣದಲ್ಲಿ ಪ್ರಕಟಣೆ ಓದುತ್ತೇನೆ. ಗಾಜಿನ ಕಿಟಕಿ, ಮೈಕು, ಮುಂದೆ ಕಾಗದ. ಎಲ್ಲ ಅಲ್ಲಿದ್ದ ಹಾಗೇ. ಬರುವ ಹೋಗುವ ರೈಲು ಕಡಿಮೆ, ಆದರೂ ಒಂದನ್ನೂ ತಪ್ಪಿಸಿಲ್ಲ. ಮೊದಲ ವಾರ ಒಬ್ಬ ಅಜ್ಜಿ ಕಿಟಕಿ ತಟ್ಟಿದಳು. "ರೀ, ಗುರುವಾರ ಬರೋ ಧಾರಾವಾಹಿಲಿ ಆ ಮುದುಕಿ ಸತ್ತಿದ್ದು ನಿಮ್ಮ ದನಿಲೇ ಅಲ್ವಾ?" ಎಂದಳು. ಹೌದು ಎಂದೆ. "ಹಾಗಾದ್ರೆ ಈ ರೈಲು ಬರತ್ತೋ ಇಲ್ವೋ ಸರಿಯಾಗಿ ಹೇಳಿ" ಎಂದಳು. ಆಮೇಲಿಂದ ನಾವು ಸ್ನೇಹಿತರು. ಅವಳ ಹೆಸರು ಸ್ತೆಫಾನಿಯಾ. ದಿನಾ ಬಂದು ಬೆಂಚಿನ ಮೇಲೆ ಕೂತು ನನ್ನ ಪ್ರಕಟಣೆ ಕೇಳಿಕೊಂಡು ಹೋಗುತ್ತಾಳೆ, ಎಲ್ಲಿಗೂ ಪ್ರಯಾಣ ಮಾಡುವುದಿಲ್ಲ.

ಸಿನಿಮಾ ನೋಡಿದೆ. ನಿಮ್ಮ ಕರಡು ಚೆನ್ನಾಗಿದೆ, ಮೂರನೇ ಪುಟದಲ್ಲಿ ಎರಡು ಸಾಲು ಉದ್ದವಾಯಿತು, ಗುರುತು ಹಾಕಿದ್ದೇನೆ. ಆದರೆ ನಾನು ಬರುವುದಿಲ್ಲ. ಕಾಯಿಲೆಯ ಸಿನಿಮಾ ಎಂದಲ್ಲ. ಝೆನೆಕ್‌ನಿಂದಾಗಿ.

ಎರಡು ವರ್ಷದ ಹಿಂದಿನ ಆ ದಿನದ್ದು ನನಗೆ ಎಲ್ಲ ನೆನಪಿಲ್ಲ. ಒಂದು ನೆನಪಿದೆ. ನಾನು ಮೈಕಿನ ಕೋಣೆಯ ಬಾಗಿಲಿಗೆ ಒಳಗಿಂದ ಚಿಲಕ ಹಾಕಿಕೊಂಡಿದ್ದೆ. ಪರದೆಯ ಮೇಲೆ ಒಬ್ಬ ಹೆಂಗಸು ಗಂಡನ ಹಾಸಿಗೆ ಪಕ್ಕದಲ್ಲಿ ಅಳುತ್ತಿದ್ದಳು. ಅಳಬೇಡಮ್ಮ, ಇದು ಬರೀ ಸಿನಿಮಾ, ಅವನು ಸಂಜೆ ಎದ್ದು ಮನೆಗೆ ಹೋಗುತ್ತಾನೆ ಎಂದು ಅವಳಿಗೆ ಹೇಳುತ್ತಿದ್ದೆ. ಗಾಜಿನ ಆಚೆ ಝೆನೆಕ್ ಫೋನ್ ಕೈಯಲ್ಲಿ ಹಿಡಿದು ನನ್ನನ್ನೇ ನೋಡುತ್ತಿದ್ದ. ಆಮೇಲೆ ಬಿಳಿ ಅಂಗಿಯವರು ಬಂದರು. ಒಂದು ಮಾತು ನನ್ನನ್ನು ಕೇಳಬಹುದಿತ್ತು ಅವನು, ಹದಿನಾಲ್ಕು ವರ್ಷದ ಜೊತೆಗಾರ. ಕೇಳಲಿಲ್ಲ, ಫೋನ್ ಮಾಡಿದ. ಅವನ ಗಾಜಿನ ಮುಂದೆ ನಾನು ಇನ್ನು ಕೂರಲಾರೆ.

ಉಳಿದ ಪುಟಗಳನ್ನು ಕಳಿಸಿ, ಸುಮ್ಮನೆ ನೋಡುತ್ತೇನೆ. ನೀವು ಹೇಗಿದ್ದೀರಿ?

ವಿತೋಲ್ದ್


ವಾರ್ಸಾ, 9 ಅಕ್ಟೋಬರ್ 1998

ವಿತೋಲ್ದ್ ಅವರಿಗೆ,

ನಲವತ್ತು ಪುಟ ಕಳಿಸುತ್ತಿದ್ದೇನೆ.

ಝೆನೆಕ್ ಕೆಟ್ಟವನಲ್ಲ. ಆ ದಿನದ ಬಗ್ಗೆ ನಿಮಗೆ ಗೊತ್ತಿರುವುದೇ ಪೂರ್ತಿ ಇರಲಿಕ್ಕಿಲ್ಲ. ಇದಕ್ಕಿಂತ ಹೆಚ್ಚು ಏನು ಬರೆಯಬೇಕೋ ತಿಳಿಯುತ್ತಿಲ್ಲ.

ಕೆಲಸದ ವಿಷಯ. ಆ ಕಲಿಸುವವಳು ಯಾರು ಕೇಳಿದರೂ "ಐ ಆ್ಯಮ್ ಫೈನ್" ಎನ್ನುತ್ತಾಳೆ. ಸಿನಿಮಾದಲ್ಲಿ ನಲವತ್ತಮೂರು ಸಲ. ಗಂಡ ಬಿಟ್ಟುಹೋದ ದಿನ ಎನ್ನುತ್ತಾಳೆ, ಕಾರು ಕಂಬಕ್ಕೆ ಗುದ್ದಿದಾಗ ಎನ್ನುತ್ತಾಳೆ, ಹೊಸಿಲು ದಾಟಲಾಗದೆ ಬಾಗಿಲಲ್ಲೇ ಕುಸಿದು ಕೂತಾಗಲೂ ಎನ್ನುತ್ತಾಳೆ. ನಾನು ಇದನ್ನು ನಮ್ಮ ಮಾತಿಗೆ ಹೇಗೆ ತರಲಿ? "ಚೆನ್ನಾಗಿದ್ದೀನಿ" ಎಂದು ಬರೆದರೆ ನಮ್ಮ ಜನ ಕಿವಿ ನೆಟ್ಟಗೆ ಮಾಡುತ್ತಾರೆ. ನಮ್ಮಲ್ಲಿ ಲಾಟರಿ ಹೊಡೆದವನೂ ಹಾಗನ್ನುವುದಿಲ್ಲ. "ಅದೇ ಹಳೇ ಗೋಳು" ಎಂದು ಬರೆದರೆ ಅವಳು ನಮ್ಮ ಕೆಳಗಿನ ಮಹಡಿಯ ಗೊಣಗುವ ವಾಂದಾ ಆಗಿಬಿಡುತ್ತಾಳೆ.

ನನ್ನ ಕೆಲಸವೇ ಬಿಡುವುದು. ನಟರು ಆಡಿದ್ದರಲ್ಲಿ ಅರ್ಧ ಬಿಟ್ಟರೆ ತಾನೇ ನಿಮಗೆ ಉಸಿರಾಡಲು ಜಾಗ. ಎಷ್ಟು ವರ್ಷದಿಂದ ಬಿಡುತ್ತಾ ಬಂದಿದ್ದೇನೆ ಎಂದರೆ, ಈಗ ಏನನ್ನು ಬಿಡಬೇಕು, ಏನನ್ನು ಹೇಳಲೇಬೇಕು ಎಂಬುದೇ ಕೆಲವು ದಿನ ಗೊತ್ತಾಗುವುದಿಲ್ಲ.

ಬೋಗ್ನಾ


ಸಾನೊಕ್, 20 ಅಕ್ಟೋಬರ್ 1998

ಬೋಗ್ನಾ ಅವರಿಗೆ,

ನಿಮ್ಮ "ಚೆನ್ನಾಗಿದ್ದೀನಿ" ಬಗ್ಗೆ ವಾರವೆಲ್ಲ ಯೋಚಿಸಿದೆ. ಆಸ್ಪತ್ರೆಯಲ್ಲಿ ನನ್ನ ಪಕ್ಕದ ಹಾಸಿಗೆಯಲ್ಲಿ ಒಬ್ಬ ಲೆಕ್ಕದ ಮೇಷ್ಟರಿದ್ದರು. ಬೆಳಗ್ಗೆ ಡಾಕ್ಟರಮ್ಮ ಬಂದು "ಹೇಗಿದ್ದೀರಿ?" ಎಂದರೆ ಮೇಷ್ಟರು "ತುಂಬಾ ಚೆನ್ನಾಗಿದ್ದೀನಿ" ಎನ್ನುತ್ತಿದ್ದರು. ಡಾಕ್ಟರಮ್ಮ ಚೀಟಿಯಲ್ಲಿ ಏನೋ ಬರೆದುಕೊಂಡು ಮುಂದೆ ಹೋಗುತ್ತಿದ್ದಳು. ಮೂರನೇ ವಾರ ನಾನೇ ಹೇಳಿಕೊಟ್ಟೆ: "ಮೇಷ್ಟ್ರೇ, ನೀವು ಹೀಗಂತಿದ್ರೆ ಕ್ರಿಸ್‌ಮಸ್ಸೂ ಇಲ್ಲೇ. ಸೊಂಟ ನೋವು ಅನ್ನಿ, ಸೂಪು ತಣ್ಣಗಿತ್ತು ಅನ್ನಿ, ಸರ್ಕಾರ ಸರಿ ಇಲ್ಲ ಅನ್ನಿ." ಮರುದಿನ ಮೇಷ್ಟರು ಮೂರನ್ನೂ ಒಂದೇ ಉಸಿರಿಗೆ ಹೇಳಿದರು. ಡಾಕ್ಟರಮ್ಮನ ಮುಖ ಅರಳಿತು. ಹತ್ತು ದಿನಕ್ಕೆ ಮನೆಗೆ ಕಳಿಸಿದರು.

ಹಾಗಾಗಿ ನನ್ನ ಸಲಹೆ: ನಲವತ್ತೆರಡು ಸಲ ಏನನ್ನೂ ಬರೆಯಬೇಡಿ. ಓದುಗಾರ ಸುಮ್ಮನಿರಲಿ. ಅವಳ ಮಾತು ಅವಳ ದನಿಯಲ್ಲೇ ಕೇಳಲಿ, ಜನಕ್ಕೆ ಅರ್ಥವಾಗುತ್ತದೆ. ಕೊನೆಯ ಸಲ, ಅವನು ಪರೀಕ್ಷೆ ಪಾಸಾಗಿ ಬಸ್ ತಂದು ಅವಳ ಮನೆ ಮುಂದೆ ನಿಲ್ಲಿಸುತ್ತಾನಲ್ಲ, ಅಲ್ಲಿ ಮಾತ್ರ ಹೇಳಿಸಿ. ಏನು ಹೇಳಿಸಬೇಕೋ ನನಗೂ ಗೊತ್ತಿಲ್ಲ.

ನೋಡಿ, ಬರುವುದಿಲ್ಲ ಎಂದವನು ಎಷ್ಟು ಮಾತಾಡುತ್ತಿದ್ದೇನೆ. ನಿಜ ಹೇಳಲೇ? ಬೆಳಗ್ಗೆ ಮುಖ ಕ್ಷೌರ ಮಾಡಿಕೊಳ್ಳುವಾಗ ನಿಮ್ಮ ಸಾಲುಗಳನ್ನು ಓದಿಕೊಳ್ಳುತ್ತೇನೆ. ಬರಬೇಕು ಎನ್ನಿಸುತ್ತದೆ. ಆಮೇಲೆ ಗಾಜಿನಾಚೆಯ ಆ ಮುಖ ನೆನಪಾಗುತ್ತದೆ.

ನವೆಂಬರ್ ಹನ್ನೆರಡು ಕ್ಯಾಲೆಂಡರಿನಲ್ಲಿ ನನ್ನ ಹೆಸರಿನ ದಿನ, ಹುಟ್ಟುಹಬ್ಬಕ್ಕಿಂತ ನನಗೆ ಅದೇ ದೊಡ್ಡದು. ಆ ದಿನ ಕರೆಯದೆ ಬರುವುದು ನಮ್ಮ ಪದ್ಧತಿ, ಆದರೂ ಕರೆಯುತ್ತಿದ್ದೇನೆ, ಏಕೆಂದರೆ ಎರಡು ವರ್ಷದಿಂದ ಯಾರೂ ಬಂದಿಲ್ಲ. ಇನ್ನೊಂದು. ಹದಿಮೂರು ವರ್ಷವಾಯಿತು, ಈ "ನೀವು" ಬಿಡೋಣವೇ? ನೀನು ಹೇಗಿದ್ದೀಯ, ಬೋಗ್ನಾ? ಒಂದು ಸಲವೂ ನೀನು ಇದಕ್ಕೆ ಉತ್ತರ ಬರೆದಿಲ್ಲ.

ವಿತೋಲ್ದ್


ವಾರ್ಸಾ, 26 ಅಕ್ಟೋಬರ್ 1998
(ಅಂಚೆ ಕಾರ್ಡು)

ಹನ್ನೆರಡಕ್ಕೆ ಬರುತ್ತೇನೆ, ಮಧ್ಯಾಹ್ನದ ರೈಲಿಗೆ. ಗಸಗಸೆ ಕೇಕು ನಾನು ತರುತ್ತೇನೆ. "ನೀನು" ಎನ್ನುವುದು ಕೈಗೆ ಬರಲು ಸ್ವಲ್ಪ ಸಮಯ ಕೊಡು. ನೋಡು, ಬಂತು. ಬೋ.


ಸಾನೊಕ್, 2 ನವೆಂಬರ್ 1998

ಬೋಗ್ನಾ,

ಕಾರ್ಡು ಬಂತು. ಚೆನ್ನಾಗಿದ್ದೀನಿ! ತುಂಬಾ ಚೆನ್ನಾಗಿದ್ದೀನಿ. ಮೂರು ದಿನದಿಂದ ಅಡುಗೆಮನೆಗೆ ಬಣ್ಣ ಬಳಿಯುತ್ತಿದ್ದೇನೆ. ಹಳದಿ. ನಿದ್ದೆ ಕಡಿಮೆ, ಆದರೆ ಆಯಾಸವೇ ಇಲ್ಲ. ನಿನ್ನೆ ಸಕಲ ಸಂತರ ಹಬ್ಬ, ಸ್ಮಶಾನದಲ್ಲಿ ಅಪ್ಪ ಅಮ್ಮನಿಗೆ ದೀಪ ಹಚ್ಚಿ, ದೀಪವಿಲ್ಲದ ಸಮಾಧಿಗಳಿಗೂ ಹಚ್ಚಿದೆ, ಇಡೀ ಸಾಲಿಗೆ. ಸಿನಿಮಾದ ಕೊನೆಯ ಮಾತು ಏನಿರಬೇಕು ಎಂದು ಹೊಳೆಯಿತು! ಬಂದಾಗ ಹೇಳುತ್ತೇನೆ. ಕಾಗದದಲ್ಲಿ ಹೇಳುವಂಥದ್ದಲ್ಲ.

ವಿ.


ಸಾನೊಕ್, 14 ನವೆಂಬರ್ 1998

ಬೋಗ್ನಾ ಅವರಿಗೆ,

ಮತ್ತೆ "ನೀವು" ಎನ್ನುತ್ತಿದ್ದೇನೆ, ಕ್ಷಮಿಸಿ.

ಆರನೇ ತಾರೀಕು ನನ್ನ ಅಕ್ಕ ದನೂತಾ ಕ್ರಾಕೋವ್‌ನಿಂದ ಹೇಳದೆ ಕೇಳದೆ ಬಂದಿಳಿದಳು. ಕೋಟು ಬಿಚ್ಚುವ ಮೊದಲೇ "ಮಾತ್ರೆ ಡಬ್ಬಿ ಎಲ್ಲಿ?" ಎಂದಳು. ಮೇಜಿನ ಮೇಲೆ ಸುರಿದು ಒಂದೊಂದಾಗಿ ಎಣಿಸಿದಳು. ಸರಿಯಾಗಿತ್ತು. ನನ್ನ ಕಣ್ಣು ನೋಡಿದಳು, ಗೋಡೆ ನೋಡಿದಳು. ಬೀರುವಿನಲ್ಲಿ ಎರಡು ಹೊಸ ಬಟ್ಟಲು ಕಂಡವು.

"ಯಾರಿಗೋ ಇದು?"

"ಯಾರಿಗೂ ಇಲ್ಲ."

"ಹೆಂಗಸಾ?"

ನಾನು ಬೀರುವಿನ ಬಾಗಿಲು ಹಾಕಿದೆ. "ಅಯ್ಯೋ ದೇವರೇ," ಎಂದು ಕುರ್ಚಿಯ ಮೇಲೆ ಕುಸಿದಳು. "ಇದಕ್ಕಾ ನಾನು ರಜೆ ಹಾಕಿ ಓಡಿ ಬಂದಿದ್ದು? ಮೂರು ದಿನ ಊಟ ಸೇರಿಲ್ಲ ಕಣೋ ನಂಗೆ!"

ಯಾರು ಹೇಳಿದರು ಎಂದು ಕೇಳಿದೆ. "ಫೋನ್ ಬಂತು, ಅಷ್ಟೆ. ಯಾರು ಅಂತ ಹೇಳಲ್ಲ ಅಂತ ಮಾತು ಕೊಟ್ಟಿದೀನಿ" ಎಂದಳು. ಒಂದು ದಿನ ಇದ್ದು ಹೋದಳು. ಎರಡು ವರ್ಷದ ಹಿಂದೆಯೂ ಇದೇ ಮಾತು ಹೇಳಿದ್ದಳು, ಇದೇ ಶಬ್ದಗಳಲ್ಲಿ.

ಅಂದರೆ ಮತ್ತೆ ಅವನೇ. ನಾನು ನಿಮಗೆ ಬರೆದದ್ದು ಝೆನೆಕ್‌ಗೆ ಹೇಗೆ ಗೊತ್ತಾಯಿತು? ನನ್ನ ಪತ್ರ ಸ್ಟುಡಿಯೊದ ಚಹಾ ಮೇಜಿನ ಮೇಲೆ ಓಡಾಡುತ್ತಿದೆಯೇ? ಇದೊಂದನ್ನು ತಿಳಿಸಿ, ಸಾಕು.

ಹನ್ನೆರಡನೇ ತಾರೀಕಿನದು. ಮಧ್ಯಾಹ್ನದ ರೈಲು ಬಂದು ಹೋದ ಮೇಲೆ ಸ್ತೆಫಾನಿಯಾ ನನ್ನ ಕಿಟಕಿಗೆ ಒಂದು ಪೊಟ್ಟಣ ತಂದಳು, ವಾರ್ಸಾದ ಅಂಗಡಿಯದು, ಗಸಗಸೆ ಕೇಕು. "ಒಬ್ರು ಹೆಂಗಸು ಕೊಟ್ರು. ಮುಖ ಬಿಳಿಚಿಕೊಂಡಿತ್ತು. ಅದೇ ರೈಲು ಹತ್ತಿ ವಾಪಸ್ ಹೋದ್ರು" ಎಂದಳು. ನೀವು ನನ್ನನ್ನು ಗಾಜಿನಲ್ಲಿ ನೋಡಿರಬೇಕು. ಮಾತ್ರೆಗಳಿಂದ ಹದಿನೆಂಟು ಕಿಲೊ ದಪ್ಪಗಾಗಿದ್ದೇನೆ, ತಲೆಗೂದಲು ಉಳಿದಿಲ್ಲ. ಅದನ್ನು ಮೊದಲೇ ಬರೆಯಬೇಕಿತ್ತು, ಬರೆಯಲಿಲ್ಲ. ಅದು ನನ್ನ ತಪ್ಪು. ನಿಮ್ಮನ್ನು ದೂರುವುದಿಲ್ಲ.

ಸ್ಟುಡಿಯೊಗೆ ಬೇಡವೆಂದು ಬರೆದ ಕಾಗದ ಸಿದ್ಧವಾಗಿದೆ. ತಿಂಗಳ ಕೊನೆಯವರೆಗೂ ಸಮಯವಿರುವುದರಿಂದ ಇನ್ನೂ ಹಾಕಿಲ್ಲ.

ಕೇಕು ಚೆನ್ನಾಗಿತ್ತು. ಸ್ತೆಫಾನಿಯಾ ಮೂರು ತುಂಡು ತಿಂದಳು.

ವಿತೋಲ್ದ್


ವಾರ್ಸಾ, 21 ನವೆಂಬರ್ 1998

ವಿತೋಲ್ದ್,

ನಿಮ್ಮ ಪತ್ರ ಯಾರೂ ನೋಡಿಲ್ಲ. ಝೆನೆಕ್ ಯಾರಿಗೂ ಫೋನ್ ಮಾಡಲಿಲ್ಲ. ಈಗಲೂ ಇಲ್ಲ, ಆಗಲೂ ಇಲ್ಲ. ಎರಡು ಸಲವೂ ಮಾಡಿದವಳು ನಾನು.

ಇದನ್ನು ಬರೆದ ಮೇಲೆ ಎದ್ದು ಹೋಗಿ ಕಿಟಕಿಯ ಬಳಿ ನಿಂತಿದ್ದೆ. ಈಗ ಮತ್ತೆ ಕೂತಿದ್ದೇನೆ. ಉಳಿದದ್ದನ್ನೂ ಬರೆಯುತ್ತೇನೆ, ಒಂದು ಸಾಲೂ ಬಿಡದೆ.

ಎರಡು ವರ್ಷದ ಹಿಂದಿನದು. ಆ ದಿನಕ್ಕೆ ಮೂರು ವಾರ ಮೊದಲಿಂದ ನೀವು ಕಾರಿಡಾರಿನಲ್ಲಿ ಸಿಕ್ಕಾಗಲೆಲ್ಲ "ಚೆನ್ನಾಗಿದ್ದೀನಿ! ಇದಕ್ಕಿಂತ ಚೆನ್ನಾಗಿರೋದು ಸಾಧ್ಯಾನೇ ಇಲ್ಲ!" ಎನ್ನುತ್ತಿದ್ದಿರಿ. ಹನ್ನೊಂದು ವರ್ಷ ಹಳೇ ಗೋಳೇ ಎಂದವರು. ಎಲ್ಲರಿಗೂ ಖುಷಿಯಾಗಿತ್ತು. ನನಗೆ ಮಾತ್ರ ಹೆದರಿಕೆಯಾಯಿತು, ನಾನು ಯಾರಿಗೂ ಹೇಳಲಿಲ್ಲ, ನಿಮಗಂತೂ ಇಲ್ಲವೇ ಇಲ್ಲ. ಆಗ ಒಂದು ಮಾತು ಕೇಳಿದ್ದರೆ ಏನಾಗುತ್ತಿತ್ತೋ. ನಾನು ಹೆದರಿ ಸುಮ್ಮನಿದ್ದೆ, ಅದಕ್ಕೆ ಸಭ್ಯತೆ ಎಂದು ಹೆಸರಿಟ್ಟುಕೊಂಡೆ.

ಆ ದಿನ ನೀವು ಐದು ಗಂಟೆ ಮೈಕಿನ ಕೋಣೆಯಲ್ಲಿ ಆ ಹೆಂಗಸಿಗೆ ಸಮಾಧಾನ ಹೇಳಿದಿರಿ. ಝೆನೆಕ್ ಫೋನ್ ಕೈಯಲ್ಲಿ ಹಿಡಿದಿದ್ದು ನಿಜ. ಅವನು ಯಾರೊಂದಿಗೂ ಮಾತಾಡುತ್ತಿರಲಿಲ್ಲ. ಯಜಮಾನಿ ಮೇಲಿನ ಮಹಡಿಯಿಂದ ಮತ್ತೆ ಮತ್ತೆ ಕರೆ ಮಾಡುತ್ತಿದ್ದರು, ಅವರಿಗೆ ಲೈನು ಸಿಗದಿರಲಿ ಎಂದು ಎತ್ತಿ ಹಿಡಿದಿದ್ದ. ನಾನು ಬಾಗಿಲಲ್ಲಿ ನಿಂತಿದ್ದೆ. "ಬಿಡಿ ಮೇಡಂ, ಮಾತು ಮುಗಿಸ್ಲಿ. ಅವರಾಗೇ ಬಾಗಿಲು ತೆಗೀತಾರೆ" ಎಂದ. ನಾನು ಅವನ ಮಾತು ಕೇಳಲಿಲ್ಲ. ಕೆಳಗಿಳಿದು ಕಾವಲುಗಾರನ ಕೋಣೆಯಿಂದ ದನೂತಾಗೆ ಫೋನ್ ಮಾಡಿದೆ. ಆಂಬುಲೆನ್ಸ್ ಕರೆಯಲೇ ಎಂದೆ. ಅವರು ಅಳುತ್ತಾ ಹೂಂ ಎಂದರು. ನನ್ನ ಹೆಸರು ಹೇಳಬೇಡಿ ಎಂದು ಬೇಡಿಕೊಂಡೆ.

ಆ ಫೋನಿಗೆ ನಾನು ಕ್ಷಮೆ ಕೇಳುವುದಿಲ್ಲ. ಕೇಳಬೇಕೋ ಏನೋ, ತುಂಬಾ ಯೋಚಿಸಿದ್ದೇನೆ. ಅವತ್ತು ನಿಮ್ಮ ತುಟಿ ಒಣಗಿ ಒಡೆದಿತ್ತು, ಇನ್ನೊಂದು ಸಲ ಅದೇ ದಿನ ಬಂದರೂ ನಾನು ಮೆಟ್ಟಿಲಿಳಿದು ಹೋಗುತ್ತೇನೆ. ಆದರೆ ಹೆಸರು ಮುಚ್ಚಿಟ್ಟಿದ್ದಕ್ಕೆ ಕೇಳುತ್ತೇನೆ. ಎರಡು ವರ್ಷ ನೀವು ಝೆನೆಕ್‌ನನ್ನು ದ್ವೇಷಿಸಲು ಬಿಟ್ಟಿದ್ದಕ್ಕೆ ಕೇಳುತ್ತೇನೆ. ಅವನಿಗೆ ಮೊದಲಿಂದಲೂ ಗೊತ್ತು. ಒಂದು ದಿನವೂ ನನ್ನನ್ನು ಚುಚ್ಚಲಿಲ್ಲ. ಮೊನ್ನೆ ಅವನ ಬಳಿ ಹೋಗಿ, ವಿತೋಲ್ದ್‌ಗೆ ಎಲ್ಲ ಬರೆಯುತ್ತೇನೆ ಎಂದೆ. "ಈಗ್ಯಾಕೆ ಬಿಡಿ ಮೇಡಂ," ಎಂದ, ತಂತಿ ಸುತ್ತುತ್ತಾ. "ನನ್ನ ಬೈಕೊಂಡ್ರೆ ಅವರಿಗೆ ಸಮಾಧಾನ ಆಗತ್ತೆ ಅಂದ್ರೆ ಬೈಕೊಳ್ಲಿ. ನನ್ನ ಹೆಂಡ್ತಿ ದಿನಾ ಬೈತಾಳೆ, ಅಭ್ಯಾಸ ಇದೆ. ನಿಮ್ಮ ಮೇಲಾದ್ರೂ ಅವರಿಗೆ ನಂಬಿಕೆ ಇರ್ಲಿ ಅಂತಿದ್ದೆ." ನನಗೆ ಅಲ್ಲಿ ನಿಲ್ಲಲಾಗಲಿಲ್ಲ.

ಎರಡನೆಯದು ಈ ತಿಂಗಳಿನದು. "ತುಂಬಾ ಚೆನ್ನಾಗಿದ್ದೀನಿ" ಎಂದು ಬರೆದಿರಿ. ಬಣ್ಣ, ನಿದ್ದೆಯಿಲ್ಲ, ಇಡೀ ಸಾಲಿಗೆ ದೀಪ. ಓದಿದ ಕೂಡಲೇ ಎದ್ದು ಫೋನಿನ ಬಳಿ ಹೋದೆ. ನಿಮ್ಮನ್ನೇ ಕೇಳಬಹುದಿತ್ತು. ನಿಲ್ದಾಣಕ್ಕೆ ಫೋನ್ ಮಾಡಿ, ವಿತೋಲ್ದ್, ಇದು ಖುಷಿಯೋ ಕಾಯಿಲೆಯೋ ಎಂದು ಕೇಳಿದ್ದರೆ ನೀವೇ ಹೇಳುತ್ತಿದ್ದಿರಿ. ನಾನು ಮತ್ತೆ ದನೂತಾಗೆ ಮಾಡಿದೆ. ಈ ಫೋನಿಗೆ ಕ್ಷಮಿಸಿ. ಇದಕ್ಕೆ ಯಾವ ಸಮರ್ಥನೆಯೂ ನನ್ನ ಬಳಿ ಇಲ್ಲ. ಮೂರು ದಿನದ ನಂತರ ಅವರು ಮರಳಿ ಫೋನ್ ಮಾಡಿ "ಹೊಸ ಬಟ್ಟಲು ತಂದಿಟ್ಟಿದಾನೆ, ಅಷ್ಟೆ. ಯಾರಿಗೆ ಅಂತ ನಿಮಗೆ ಗೊತ್ತಾ?" ಎಂದರು. ಗೊತ್ತಿಲ್ಲ ಎಂದೆ. ಅದೂ ಸುಳ್ಳು.

ಹನ್ನೆರಡಕ್ಕೆ ಬಂದೆ. ನಿಮ್ಮನ್ನು ನೋಡಲೇ ಇಲ್ಲ. ಯಾವ ಕಿಟಕಿ ಎಂಬುದೂ ನನಗೆ ಗೊತ್ತಿರಲಿಲ್ಲ. ರೈಲಿನಿಂದ ಇಳಿದೆ, ನಿಮ್ಮ ದನಿ ಕೇಳಿಸಿತು. ಯಾಸ್ವೊ ಕಡೆಯಿಂದ ಬಂದ ರೈಲು ಎರಡನೇ ಪ್ಲಾಟ್‌ಫಾರ್ಮಿನಲ್ಲಿದೆ. ಅದೇ ದನಿ, ಏರಿಳಿತವಿಲ್ಲ, ಎರಡು ವರ್ಷದ ನಂತರ ಮೊದಲ ಸಲ ಎದೆ ಹಗುರಾಯಿತು. ಆಮೇಲೆ ಕೇಳಿಸಿತು: "ಇಳಿಯುವವರು ನಿಧಾನವಾಗಿ ಇಳಿಯಿರಿ. ಅವಸರ ಏನಿಲ್ಲ. ಚಹಾ ಇದೆ."

ಬೆಂಚಿನ ಮೇಲಿದ್ದ ಅಜ್ಜಿ ನಕ್ಕಳು. "ಇವತ್ತು ನಮ್ಮ ಸಿನಿಮಾದವರಿಗೆ ಏನೋ ಆಗಿದೆ" ಎಂದಳು.

"ಯಾವಾಗಲೂ ಹೀಗೆ ಹೇಳಲ್ವಾ?"

"ಎಲ್ಲಿ! ರೈಲು ಹಳಿ ತಪ್ಪಿದ್ರೂ ಅದೇ ದನಿ ಅವರದ್ದು. ಚಹಾ ಗಿಹಾ ಎಲ್ಲ ಇವತ್ತೇ ಕೇಳ್ತಿರೋದು."

ಕಾಗದದಲ್ಲಿಲ್ಲದ ಸಾಲು. ಮತ್ತೆ ಬರೆಯದ್ದನ್ನು ಓದುತ್ತಿದ್ದಾರೆ ಎಂದುಕೊಂಡೆ. ಕೇಕನ್ನು ಅಜ್ಜಿಯ ಮಡಿಲಿಗಿಟ್ಟು, ಹಿಂದಿರುಗಿ ಹೊರಡಲಿದ್ದ ಅದೇ ರೈಲು ಹತ್ತಿದೆ. ಯಾಸ್ವೊದಲ್ಲಿ ಗಾಡಿ ಬದಲಿಸಲು ನಿಂತಿದ್ದಾಗ ಅರ್ಥವಾಯಿತು, ಆ ಸಾಲು ಯಾರಿಗೆಂದು. ಅಷ್ಟು ಜನ ಇಳಿದ ಆ ಪ್ಲಾಟ್‌ಫಾರ್ಮಿನಲ್ಲಿ ಅದು ನನ್ನೊಬ್ಬಳಿಗೆ. ಅಲ್ಲಿ ಬೆಂಚೂ ಇರಲಿಲ್ಲ, ನಿಂತೇ ಅತ್ತೆ.

ಅಂದಿನಿಂದ ನನ್ನನ್ನೇ ಕೇಳಿಕೊಳ್ಳುತ್ತಿದ್ದೇನೆ: ನೀವು ಆಡಬಹುದಾದ ಯಾವ ಮಾತನ್ನು ನಾನು ಕಾಯಿಲೆ ಎಂದುಕೊಳ್ಳದೆ ಕೇಳಬಲ್ಲೆ? ನೀವು ಗೊಣಗಿದರೆ ನನಗೆ ನೆಮ್ಮದಿ, ನಕ್ಕರೆ ಭಯ. ನಿಮ್ಮ ಡಾಕ್ಟರಮ್ಮ ಚೀಟಿಯಲ್ಲಿ ಬರೆದುಕೊಂಡು ಮುಂದೆ ಹೋಗುತ್ತಿದ್ದರು. ನಾನು ಚೀಟಿಯಿಲ್ಲದೆ ಅದನ್ನೇ ಮಾಡುತ್ತಾ ಬಂದಿದ್ದೇನೆ.

ಹೇಗಿದ್ದೀಯ ಎಂದು ಕೇಳಿದ್ದಿರಿ. ಚೆನ್ನಾಗಿಲ್ಲ. ಗಂಡ ಬಿಟ್ಟುಹೋಗಿ ಆರು ವರ್ಷವಾಯಿತು, ಅಂದಿನಿಂದ ಯಾರ ಮಾತನ್ನೂ ಪೂರ್ತಿ ನಂಬಿದ್ದಿಲ್ಲ, ಯಾರಿಗೂ ಪೂರ್ತಿ ಹೇಳಿದ್ದಿಲ್ಲ. ಇದೇ ಮೊದಲು.

ನನಗೆ ಉತ್ತರ ಬರೆಯಬೇಕಾಗಿಲ್ಲ. ಸ್ಟುಡಿಯೊಗೆ ಬರೆಯಿರಿ, ಆ ಸಿದ್ಧವಾಗಿರುವ ಕಾಗದ ಬಿಟ್ಟು ಇನ್ನೊಂದು. ಗಾಜಿನಾಚೆ ಕೂರುವವನು ನಿಮ್ಮ ಪರವಾಗಿ ಫೋನ್ ಎತ್ತಿ ಹಿಡಿದವನು ಎಂಬುದು ಈಗ ನಿಮಗೆ ಗೊತ್ತು. ನಾನಿದ್ದರೆ ಕಷ್ಟ ಎನ್ನುವುದಾದರೆ ಎಂಟನೇ ತಾರೀಕು ನಾನು ಸ್ಟುಡಿಯೊಗೆ ಬರುವುದಿಲ್ಲ, ಪುಟಗಳನ್ನು ಝೆನೆಕ್ ಬಳಿ ಬಿಟ್ಟಿರುತ್ತೇನೆ. ನಲವತ್ತೆರಡು ಕಡೆ ನೀವು ಹೇಳಿದಂತೆ ಏನೂ ಬರೆದಿಲ್ಲ. ನಲವತ್ತಮೂರನೆಯ ಕಡೆಯೂ ಖಾಲಿಯೇ ಬಿಟ್ಟಿದ್ದೇನೆ. ನಿಮಗೆ ಹೊಳೆದದ್ದನ್ನು ಅಲ್ಲಿ ನೀವೇ ಹೇಳಿ, ಕಾಗದದಲ್ಲಿಲ್ಲದ್ದನ್ನು. ನಾನು ಕೇಳಿಸಿಕೊಳ್ಳುತ್ತೇನೆ, ಆಮೇಲೆ ಟೆಲಿವಿಷನ್ನಿನಲ್ಲಾದರೂ ಸರಿ. ಯಾರಿಗೂ ಫೋನ್ ಮಾಡುವುದಿಲ್ಲ. ಮುಂದೆ ಯಾವತ್ತಾದರೂ ಹೆದರಿಕೆಯಾದರೆ ಮೊದಲು ನಿಮ್ಮನ್ನೇ ಕೇಳುತ್ತೇನೆ, ಎದುರಿಗೆ ನಿಂತು.

ಈ ಪತ್ರದಲ್ಲಿ "ನೀನು" ಎನ್ನಲು ನನಗೆ ಅಧಿಕಾರವಿಲ್ಲ. ಅದನ್ನು ನೀವು ಕೊಟ್ಟರೆ ಮತ್ತೆ ತೆಗೆದುಕೊಳ್ಳುತ್ತೇನೆ.

ಇವತ್ತು ಶನಿವಾರ, ನಮ್ಮ ಬೀದಿಯ ಅಂಚೆ ಕಚೇರಿ ಮುಚ್ಚಿದೆ. ನನ್ನಂಥವಳಿಗೆ ಎರಡು ದಿನ ಧಾರಾಳ, ಒಂದೊಂದೇ ಸಾಲು ಹೊಡೆದುಹಾಕಿ ಇದನ್ನು ಒಂದು ಸಭ್ಯವಾದ ಕಾರ್ಡು ಮಾಡಿಬಿಡಬಲ್ಲೆ. ಹಾಗಾಗಿ ಲಕೋಟೆಗೆ ಈಗಲೇ ಅಂಟು ಹಚ್ಚುತ್ತಿದ್ದೇನೆ, ಹಾಕುವ ದಿನವನ್ನೂ ಇಲ್ಲೇ ಬರೆದಿಡುತ್ತೇನೆ. ಮೇಲಿರುವ ಅಂಚೆ ಮುದ್ರೆಯೊಂದಿಗೆ ಹೋಲಿಸಿ ನೋಡಿ.

ಬೋಗ್ನಾ

ಸೋಮವಾರ, 23 ನವೆಂಬರ್ 1998